ಎಂಬತ್ತು ವಾದ್ಯಗಳ ನಡುವೆ ಒಂದು ಚೆಲೊ



ಪ್ರಥಮ ಪಿಯುಸಿಯ 'ತರಂಗಗಳು' ಪಾಠ ಮುಗಿದ ದಿನ ಪೀರಿಯಡ್ ಮುಗಿಯಲು ಇನ್ನೂ ಹತ್ತು ನಿಮಿಷ ಇತ್ತು. ಬಿಗಿದು ಕಟ್ಟಿದ ತಂತಿ ಹೇಗೆ ಕಂಪಿಸುತ್ತದೆ ಎಂದು ಬೋರ್ಡಿನ ಮೇಲೆ ಬರೆದದ್ದನ್ನು ಕಿವಿಯಿಂದಲೂ ಕೇಳಲಿ ಎಂದು ಲ್ಯಾಬಿನ ಸಣ್ಣ ಸ್ಪೀಕರ್ ತರಿಸಿ ಚೆಲೊ ಸಂಗೀತದ ಒಂದು ತುಣುಕು ಹಾಕಿದೆ. ತುಣುಕು ಮುಗಿದ ಮೇಲೆ ಹಿಂದಿನ ಬೆಂಚಿನ ಒಬ್ಬ ವಿದ್ಯಾರ್ಥಿನಿ ಎದ್ದು ನಿಂತು ಏನೋ ಕೇಳಿದಳು. ನನಗೆ ಕೇಳಿಸಲಿಲ್ಲ. "ಗಟ್ಟಿಯಾಗಿ ಹೇಳಮ್ಮ" ಎಂದೆ. ಮತ್ತೊಮ್ಮೆ ಹೇಳಿದಳು. ಆಗಲೂ ಕೇಳಿಸಲಿಲ್ಲ. ಮುಂದಿನ ಸಾಲಿನವರು ತಿರುಗಿ ನೋಡಿ ನಕ್ಕರು. "ಏನಿಲ್ಲ ಸರ್" ಎಂದು ಕುಳಿತುಬಿಟ್ಟಳು. ಅಷ್ಟರಲ್ಲಿ ಬೆಲ್ ಆಯಿತು.

ಮರುದಿನ ತಿದ್ದಲು ಬಂದ ಅವಳ ರೆಕಾರ್ಡ್ ಪುಸ್ತಕದೊಳಗೆ ಒಂದು ಚೀಟಿ ಇತ್ತು: "ಸರ್, ಅಷ್ಟು ಜನ ಒಟ್ಟಿಗೆ ಬಾರಿಸುವಾಗ ಆ ಒಂದೇ ಒಂದು ವಾದ್ಯ ಹೇಗೆ ಕೇಳಿಸುತ್ತದೆ?"

ಆ ಚೀಟಿ ಇನ್ನೂ ನನ್ನ ಮೇಜಿನ ಗಾಜಿನ ಅಡಿಯಲ್ಲಿದೆ. ಯುರೋಪಿನ ಹೆಸರಾಂತ ಸಂಗೀತ ರಚನೆಕಾರರೇ ತಲೆ ಕೆಡಿಸಿಕೊಂಡ ಪ್ರಶ್ನೆ ಅದು. ಎರಡು ಸಾಲಿನಲ್ಲಿ ಉತ್ತರ ಬರೆದು ಪುಸ್ತಕ ಹಿಂದಿರುಗಿಸಲು ಮನಸ್ಸಾಗಲಿಲ್ಲ. ಹಾಗಾಗಿ ಈ ಲೇಖನ.

ಆ ಆಲ್ಬಮ್ ಯಾವುದು?

ನನ್ನ ಅಣ್ಣ ದುಬೈಯಲ್ಲಿ ಕೆಲಸದಲ್ಲಿದ್ದಾಗ, ಅವನ ರೂಮಿನಲ್ಲಿ ಹಿಂದೆ ಇದ್ದವರು ಬಿಟ್ಟುಹೋಗಿದ್ದ ಒಂದು ಡಬ್ಬಿ ಸಿಡಿಗಳನ್ನು ಊರಿಗೆ ತಂದಿದ್ದ. ಮನೆಯಲ್ಲಿ ಯಾರೂ ಅದನ್ನು ಮುಟ್ಟಲಿಲ್ಲ. ಆಗ ನಾನು ಎಂಎಸ್ಸಿ ಓದುತ್ತಿದ್ದೆ. ಓದಿ ಬೇಸರವಾದ ಒಂದು ರಾತ್ರಿ ಅದರಿಂದ ಒಂದನ್ನು ತೆಗೆದು ಹಾಕಿದೆ. ಚೆಲೊ ನುಡಿಸಿದವರು ಮ್ಸ್ತಿಸ್ಲಾವ್ ರೊಸ್ತ್ರೊಪೊವಿಚ್. ಜೊತೆಗಿದ್ದದ್ದು ಲಂಡನ್ ಫಿಲ್ಹಾರ್ಮೋನಿಕ್ ಆರ್ಕೆಸ್ಟ್ರಾ. ಅದನ್ನು ನಡೆಸಿದವರು ಇಟಲಿಯ ಕಾರ್ಲೊ ಮರಿಯಾ ಜುಲೀನಿ. 1977ರಲ್ಲಿ ಇಎಂಐ ಕಂಪನಿಗಾಗಿ ಮಾಡಿದ ಧ್ವನಿಮುದ್ರಣ ಅದು. ಅದರಲ್ಲಿ ಎರಡು ಕೃತಿಗಳಿವೆ: ಬೊಹೀಮಿಯಾದ, ಅಂದರೆ ಇಂದಿನ ಚೆಕ್ ದೇಶದ, ಅಂತೊನಿನ್ ದ್ವೊರ್ಜಾಕ್ ಬರೆದ ಚೆಲೊ ಕನ್ಸರ್ಟೊ ಮತ್ತು ಫ್ರಾನ್ಸಿನ ಕಮೀಲ್ ಸ್ಯಾಂ-ಸಾನ್ಸ್ ಬರೆದ ಮೊದಲನೆಯ ಚೆಲೊ ಕನ್ಸರ್ಟೊ. ಎರಡೂ ಸೇರಿ ಹೆಚ್ಚುಕಡಿಮೆ ಒಂದು ತಾಸು.

ಮುಂದೆ ಹೋಗುವ ಮೊದಲು ನಾಲ್ಕು ಪದಗಳ ಪರಿಚಯ ಮಾಡಿಕೊಳ್ಳೋಣ.

ಚೆಲೊ ಎಂದರೆ ಪಿಟೀಲಿನ ಕುಟುಂಬದ ದೊಡ್ಡಣ್ಣ. ಒಟ್ಟು ಉದ್ದ ಸುಮಾರು 120 ಸೆಂಟಿಮೀಟರ್. ಗದ್ದದ ಕೆಳಗೆ ಹಿಡಿಯಲು ಆಗುವುದಿಲ್ಲ. ಕುರ್ಚಿಯಲ್ಲಿ ಕುಳಿತು, ಮೊಣಕಾಲುಗಳ ನಡುವೆ ನಿಲ್ಲಿಸಿಕೊಂಡು ಕಮಾನಿನಿಂದ ನುಡಿಸುತ್ತಾರೆ. ಕೆಳಗೆ ಒಂದು ಲೋಹದ ಕಡ್ಡಿ ನೆಲಕ್ಕೆ ಊರಿರುತ್ತದೆ.

ಆರ್ಕೆಸ್ಟ್ರಾ ಎಂದರೆ ನಮ್ಮ ಊರಿನ ಸಮಾರಂಭಗಳಲ್ಲಿ ಸಿನಿಮಾ ಹಾಡು ಹಾಡುವ ತಂಡವಲ್ಲ. ಪಿಟೀಲು, ಕೊಳಲು, ಕ್ಲಾರಿಯೊನೆಟ್, ತುತ್ತೂರಿ, ನಗಾರಿ ಎಲ್ಲ ಸೇರಿ 60ರಿಂದ 80 ಜನ, ಕೆಲವೊಮ್ಮೆ ಇನ್ನೂ ಹೆಚ್ಚು ಜನ, ಮುಂದಿಟ್ಟ ಹಾಳೆಯಲ್ಲಿ ಬರೆದದ್ದನ್ನು ನೋಡಿ ನುಡಿಸುವ ದೊಡ್ಡ ವಾದ್ಯವೃಂದ. ಅವರ ಎದುರು ಕೋಲು ಹಿಡಿದು ನಿಂತು ನಡೆಸುವವರು ಕಂಡಕ್ಟರ್. ಟಿಕೆಟ್ ಕೊಡುವವರಲ್ಲ!

ಕನ್ಸರ್ಟೊ ಎಂದರೆ ಒಬ್ಬ ವಾದಕನೂ ಇಡೀ ಆರ್ಕೆಸ್ಟ್ರಾವೂ ಎದುರುಬದುರು ಕುಳಿತು ಮಾತಾಡಿದಂತಿರುವ ಕೃತಿ.

ಇನ್ನು ರೊಮ್ಯಾಂಟಿಕ್. ಸಿನಿಮಾದ ಅರ್ಥ ಇಲ್ಲಿ ಬೇಡ. ನೀವು ಇಂಗ್ಲಿಷ್ ತರಗತಿಯಲ್ಲಿ ಓದುವ ವರ್ಡ್ಸ್‌ವರ್ತ್, ಕೀಟ್ಸ್ ಇವರ ಪಂಥಕ್ಕೆ ಇರುವ ಹೆಸರೇ ಸಂಗೀತದಲ್ಲಿ 19ನೇ ಶತಮಾನದ ಯುರೋಪಿನ ಕಾಲಕ್ಕೂ ಇದೆ. ವ್ಯಕ್ತಿಯೊಬ್ಬನ ಒಳಗಿನ ಭಾವನೆಗೆ ಆ ಕಾಲ ದೊಡ್ಡ ಬೆಲೆ ಕೊಟ್ಟಿತು. ವಿಚಿತ್ರವೆಂದರೆ ಅದೇ ಕಾಲದಲ್ಲಿ ಆರ್ಕೆಸ್ಟ್ರಾಗಳೂ ದೊಡ್ಡದಾಗುತ್ತಾ ಹೋದವು. ಒಬ್ಬನ ಒಳಮಾತು ಕೇಳಬೇಕು, ಆದರೆ ಅವನ ಸುತ್ತ ಗದ್ದಲ ಹೆಚ್ಚುತ್ತಿದೆ. ಚೀಟಿಯ ಪ್ರಶ್ನೆ ಹುಟ್ಟುವುದೇ ಇಲ್ಲಿ.

ಮೊದಲು ಸ್ವಲ್ಪ ಭೌತಶಾಸ್ತ್ರ

ಚೆಲೊಗೆ ನಾಲ್ಕು ತಂತಿಗಳು. ಅತಿ ದಪ್ಪ ತಂತಿಯ ಆವೃತ್ತಿ ಸುಮಾರು 65 ಹರ್ಟ್ಸ್, ಮುಂದಿನವು 98 ಮತ್ತು 147, ಅತಿ ತೆಳು ತಂತಿಯದು 220 ಹರ್ಟ್ಸ್. ನಾಲ್ಕರಲ್ಲೂ ಕಂಪಿಸುವ ಭಾಗದ ಉದ್ದ ಒಂದೇ, ಸುಮಾರು 69 ಸೆಂಟಿಮೀಟರ್. ಹಾಗಿದ್ದರೆ ಆವೃತ್ತಿ ಬೇರೆ ಯಾಕೆ? ನಾವು ಕಲಿತ ಸೂತ್ರ ನೆನಪಿಸಿಕೊಳ್ಳಿ. ಮೂಲ ಆವೃತ್ತಿಯಲ್ಲಿ ತಂತಿಯ ಉದ್ದ ಅರ್ಧ ತರಂಗದೂರಕ್ಕೆ ಸಮ. ಆದ್ದರಿಂದ ಅಲೆಯ ವೇಗ ಎಂದರೆ ಉದ್ದದ ಎರಡರಷ್ಟನ್ನು ಆವೃತ್ತಿಯಿಂದ ಗುಣಿಸಿದ್ದು. ತೆಳು ತಂತಿಯಲ್ಲಿ 2 × 0.69 × 220, ಅಂದರೆ ಸೆಕೆಂಡಿಗೆ ಸುಮಾರು 304 ಮೀಟರ್. ದಪ್ಪ ತಂತಿಯಲ್ಲಿ ಸುಮಾರು 90 ಮೀಟರ್ ಮಾತ್ರ. ಭಾರವಾದ ತಂತಿಯಲ್ಲಿ ಅಲೆ ನಿಧಾನ, ಸ್ವರ ತಗ್ಗು.

ಈಗ ತೊಂದರೆ ಎಲ್ಲಿದೆ ನೋಡಿ. ನಮ್ಮ ಕಿವಿ ಅತಿ ಚುರುಕಾಗಿರುವುದು ಸುಮಾರು 2000ದಿಂದ 5000 ಹರ್ಟ್ಸ್ ನಡುವೆ. ಪಿಟೀಲು ಮತ್ತು ಕೊಳಲು ಆರ್ಕೆಸ್ಟ್ರಾದ ಮೇಲಕ್ಕೆ ಏರಿ ಸುಲಭವಾಗಿ ಕೇಳಿಸುತ್ತವೆ. ಚೆಲೊ ಹೆಚ್ಚಾಗಿ ಓಡಾಡುವುದು ಮನುಷ್ಯರ ಕಂಠದ ಎತ್ತರದಲ್ಲಿ, ಅದರಲ್ಲೂ ಗಂಡಸರ ಕಂಠದ ಎತ್ತರದಲ್ಲಿ. ಅದೇ ಜಾಗದಲ್ಲಿ ಹಾರ್ನ್, ಬಸೂನ್, ವಿಯೋಲ, ಟ್ರಾಂಬೋನ್, ಜೊತೆಗೆ ಆರ್ಕೆಸ್ಟ್ರಾದ ಸ್ವಂತ ಹತ್ತು ಹನ್ನೆರಡು ಚೆಲೊಗಳೂ ಇರುತ್ತವೆ. ಒಂದೇ ಎತ್ತರದಲ್ಲಿ ಹಲವು ಶಬ್ದಗಳಿದ್ದರೆ ದೊಡ್ಡದು ಸಣ್ಣದನ್ನು ಮುಚ್ಚಿಹಾಕುತ್ತದೆ. ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಕಾರಿಡಾರಿನಲ್ಲಿ ಗೆಳೆಯನನ್ನು ಕರೆದು ನೋಡಿ, ಗೊತ್ತಾಗುತ್ತದೆ.

ಸಮಾಧಾನದ ವಿಷಯವೂ ಒಂದಿದೆ. 80 ವಾದ್ಯ ಎಂದರೆ 80 ಪಟ್ಟು ಜೋರು ಎಂದಲ್ಲ. ಒಂದೇ ತೀವ್ರತೆಯ 10 ಮೂಲಗಳು ಸೇರಿದರೆ ಮಟ್ಟ ಏರುವುದು 10 ಡೆಸಿಬೆಲ್. ನಮ್ಮ ಕಿವಿಗೆ ಅದು ಸುಮಾರು ಎರಡು ಪಟ್ಟು ಜೋರಾಗಿ ಕೇಳಿಸುತ್ತದೆ. ಅಂಥ 80 ಮೂಲಗಳು ಸೇರಿದರೆ ಸುಮಾರು 19 ಡೆಸಿಬೆಲ್, ಅಂದರೆ ನಾಲ್ಕು ಪಟ್ಟಿಗಿಂತ ತುಸು ಕಡಿಮೆ. ವಾದಕರು ವೇದಿಕೆಯ ಮುಂದೆ ಕೂರುತ್ತಾರೆ. ಎಷ್ಟೋ ಸಲ ಒಳಗೆ ಟೊಳ್ಳಾದ ಮರದ ಪೀಠದ ಮೇಲೆ ಕೂರುತ್ತಾರೆ. ಕಡ್ಡಿಯ ಮೂಲಕ ಕಂಪನ ಪೀಠಕ್ಕೂ ಇಳಿದು ಅದೂ ದನಿಗೂಡಿಸುತ್ತದೆ. ಇದೆಲ್ಲ ಸಹಾಯವೇ. ಆದರೆ ಸಾಲದು. ತುತ್ತೂರಿಗಳು ಒಮ್ಮೆ ಬಾಯ್ದೆರೆದರೆ ಚೆಲೊ ಎಷ್ಟು ತಿಣುಕಿದರೂ ಕೇಳಿಸುವುದಿಲ್ಲ.

ಉಳಿದ ದಾರಿ ಒಂದೇ. ಚೆಲೊ ಇನ್ನೂ ಜೋರಾಗಲು ಆಗದು. ಬರೆಯುವವರು ಆರ್ಕೆಸ್ಟ್ರಾಕ್ಕೆ ಯಾವಾಗ ಸುಮ್ಮನಿರಬೇಕು ಎಂದು ಕಲಿಸಬೇಕು.

ಹಿಂಜರಿದವರೇ ಹೆಚ್ಚು

ಈ ಕಷ್ಟದಿಂದಲೇ ಇರಬೇಕು, ಚೆಲೊಗೆ ಕನ್ಸರ್ಟೊಗಳು ಕಡಿಮೆ. ಮೊಜಾರ್ಟ್ ಪಿಯಾನೊಗೆ 20ಕ್ಕೂ ಹೆಚ್ಚು ಕನ್ಸರ್ಟೊ ಬರೆದರು. ಚೆಲೊಗೆ ಬರೆದದ್ದು ಒಂದೂ ನಮಗೆ ಉಳಿದಿಲ್ಲ. ಬೆಥೋವನ್ ಪಿಟೀಲು, ಪಿಯಾನೊಗಳ ಜೊತೆ ಚೆಲೊವನ್ನು ಸೇರಿಸಿ ಬರೆದರೇ ಹೊರತು ಒಂಟಿ ಚೆಲೊಗೆ ಬರೆಯಲಿಲ್ಲ. ಜರ್ಮನಿಯ ರಾಬರ್ಟ್ ಶೂಮನ್ 1850ರಲ್ಲಿ ಒಂದನ್ನು ಬರೆದರು. ಅವರು ತೀರಿಕೊಂಡದ್ದು 1856ರಲ್ಲಿ. ಆ ಕೃತಿ ಮೊದಲು ವೇದಿಕೆ ಕಂಡದ್ದು 1860ರಲ್ಲಿ. ಇಂದು ಜಗತ್ತಿನ ಚೆಲೊ ವಾದಕರೆಲ್ಲ ಕಲಿಯುವ ಆ ಕೃತಿ ಸಭೆಯಲ್ಲಿ ನುಡಿದದ್ದನ್ನು ಬರೆದವರು ಕೇಳಲೇ ಇಲ್ಲ.

ಸ್ಯಾಂ-ಸಾನ್ಸ್ ಕೊಟ್ಟ ಉತ್ತರ

ಸ್ಯಾಂ-ಸಾನ್ಸ್ ತಮ್ಮ ಕೃತಿಯನ್ನು 1872ರಲ್ಲಿ ಬರೆದರು. ಮೊದಲ ಪ್ರದರ್ಶನ 1873ರ ಜನವರಿಯಲ್ಲಿ ಪ್ಯಾರಿಸ್‌ನಲ್ಲಿ. ಆ ಕಾಲದ ರೂಢಿಯಂತೆ ಮೊದಲು ಆರ್ಕೆಸ್ಟ್ರಾ ಉದ್ದನೆಯ ಪೀಠಿಕೆ ಹಾಕಬೇಕು, ಆಮೇಲೆ ವಾದಕ ಬರಬೇಕು. ಅವರು ರೂಢಿ ಮುರಿದರು. ಆರ್ಕೆಸ್ಟ್ರಾ ಒಂದೇ ಒಂದು ಸಲ 'ಢಣ್' ಎಂದು ಬಡಿದು ಬಾಯಿ ಮುಚ್ಚುತ್ತದೆ. ಅದೇ ಕ್ಷಣಕ್ಕೆ ಚೆಲೊ ಮೇಲಿನಿಂದ ಕೆಳಕ್ಕೆ, ಘಟ್ಟದ ಮೇಲಿನ ತೊರೆ ಮಳೆಗಾಲದಲ್ಲಿ ಇಳಿದಂತೆ, ಇಳಿದು ಬರುತ್ತದೆ. ಸಭೆಯ ಮೊದಲ ಮಾತೇ ಸಣ್ಣ ದನಿಯವರದ್ದು. ಒಮ್ಮೆ ಆ ದನಿ ಕಿವಿಗೆ ಪರಿಚಯವಾದರೆ ಮುಂದೆ ಗುಂಪಿನಲ್ಲೂ ಕಿವಿ ಅದನ್ನು ಹುಡುಕಿಕೊಳ್ಳುತ್ತದೆ.

ಟ್ರಾಂಬೋನ್‌ಗಳನ್ನು ಅವರು ಕರೆಯಲೇ ಇಲ್ಲ. ನಡುವಿನ ಭಾಗದಲ್ಲಿ ಪಿಟೀಲುಗಳ ಸೇತುವೆಗೆ ಮ್ಯೂಟ್ ಎಂಬ ಸಣ್ಣ ಹಿಡಿಕೆ ಸಿಕ್ಕಿಸಿ ಶಬ್ದ ತಗ್ಗಿಸಿದರು. ಎಲ್ಲರೂ ತುದಿಗಾಲಲ್ಲಿ ಹೆಜ್ಜೆ ಹಾಕಿದಂಥ ಒಂದು ಮೆಲು ಕುಣಿತ ಅಲ್ಲಿ ಶುರುವಾಗುತ್ತದೆ. ಅದರ ಮೇಲೆ ಚೆಲೊ ತನ್ನದೇ ಒಂದು ರಾಗ ಎಳೆಯುತ್ತದೆ. ಎಲ್ಲಿಯೂ ಅದು ದನಿ ಏರಿಸಬೇಕಾಗಿಲ್ಲ. ಇಡೀ ಕೃತಿ ಸುಮಾರು 20 ನಿಮಿಷ. ನಡುವೆ ಎಲ್ಲಿಯೂ ನಿಲ್ಲುವುದಿಲ್ಲ. ಹೊಸಬರು ಇದರಿಂದಲೇ ಆರಂಭಿಸುವುದು ಒಳ್ಳೆಯದು.

ದ್ವೊರ್ಜಾಕ್ ಕೊಟ್ಟ ಉತ್ತರ

ದ್ವೊರ್ಜಾಕ್‌ಗೆ ಚೆಲೊ ಮೇಲೆ ನಂಬಿಕೆ ಇರಲಿಲ್ಲ. ಆರ್ಕೆಸ್ಟ್ರಾದೊಳಗೆ ಚೆನ್ನ, ಆದರೆ ಒಂಟಿಯಾಗಿ ಮೇಲೆ ಹೋದರೆ ಮೂಗಿನಿಂದ ಹಾಡುತ್ತದೆ, ಕೆಳಗೆ ಬಂದರೆ ಗೊಣಗುತ್ತದೆ ಎಂಬರ್ಥದ ಮಾತು ಆಡುತ್ತಿದ್ದರಂತೆ. ಯೌವನದಲ್ಲಿ, 1865ರಲ್ಲಿ, ಒಂದು ಚೆಲೊ ಕನ್ಸರ್ಟೊ ಬರೆಯಲು ಹೊರಟು ಆರ್ಕೆಸ್ಟ್ರಾದ ಭಾಗವನ್ನು ಬರೆಯದೆ ಬಿಟ್ಟಿದ್ದರು.

1892ರಲ್ಲಿ ಅವರು ನ್ಯೂಯಾರ್ಕಿನ ನ್ಯಾಷನಲ್ ಕನ್ಸರ್ವೇಟರಿ ಎಂಬ ಸಂಗೀತ ಶಾಲೆಯ ನಿರ್ದೇಶಕರಾಗಿ ಹೋದರು. ಅಲ್ಲಿ ಪಾಠ ಮಾಡುತ್ತಿದ್ದ ವಿಕ್ಟರ್ ಹರ್ಬರ್ಟ್ ಎಂಬ ಚೆಲೊ ವಾದಕರು 1894ರಲ್ಲಿ ತಾವೇ ಬರೆದ ಎರಡನೆಯ ಚೆಲೊ ಕನ್ಸರ್ಟೊವನ್ನು ನುಡಿಸಿದರು. ಅದರಲ್ಲಿ ಟ್ರಾಂಬೋನ್‌ಗಳಿದ್ದವು. ಆದರೂ ಚೆಲೊ ಮುಳುಗಿರಲಿಲ್ಲ. ದ್ವೊರ್ಜಾಕ್‌ರ ಅನುಮಾನ ಅಲ್ಲಿಗೆ ಕರಗಿತು. ಅದೇ ವರ್ಷ ನವೆಂಬರಿನಲ್ಲಿ ಬರೆಯಲು ಕುಳಿತವರು 1895ರ ಫೆಬ್ರವರಿಗೆ ಮುಗಿಸಿದರು. ತಮಗಿಂತ ಕಿರಿಯ ಸಹೋದ್ಯೋಗಿಯಿಂದ ಕಲಿಯಲು ಆ ದೊಡ್ಡ ಮನುಷ್ಯ ನಾಚಲಿಲ್ಲ ಎಂಬುದನ್ನು ಗಮನಿಸಿ.

ಅವರ ಉಪಾಯ ಸ್ಯಾಂ-ಸಾನ್ಸ್‌ರದ್ದಕ್ಕೆ ತದ್ವಿರುದ್ಧ. ಆರ್ಕೆಸ್ಟ್ರಾ ಮೊದಲೇ ತನ್ನದೆಲ್ಲವನ್ನೂ ಹೇಳಿ ಮುಗಿಸಲಿ ಎಂದು ಮೂರು ನಿಮಿಷಕ್ಕೂ ಹೆಚ್ಚು ಹೊತ್ತು ಬಿಟ್ಟುಕೊಟ್ಟರು. ಕ್ಲಾರಿಯೊನೆಟ್ ತಗ್ಗಿನ ದನಿಯಲ್ಲಿ ಮೊದಲ ರಾಗ ತೆಗೆಯುತ್ತದೆ. ಅದು ಬೆಳೆದು ಅಬ್ಬರವಾಗುತ್ತದೆ. ಆಮೇಲೆ ಒಂದು ಹಾರ್ನ್ ಎರಡನೆಯ ರಾಗವನ್ನು ಮೆಲ್ಲಗೆ ಹಾಡುತ್ತದೆ. ಎಲ್ಲ ತಣ್ಣಗಾದ ಮೇಲೆ ಚೆಲೊ ಬರುತ್ತದೆ. ನೀವು ಆಗಲೇ ಕೇಳಿದ ರಾಗವೇ ಅದು. ಆದರೆ ಈಗ ಒಬ್ಬ ಮನುಷ್ಯ ಎದ್ದು ನಿಂತು ಹೇಳಿದಂತೆ ಕೇಳಿಸುತ್ತದೆ.

ಮುಂದಕ್ಕೆ ಗಮನವಿಟ್ಟು ಕೇಳಿ. ಚೆಲೊ ಹಾಡುವಾಗ ಒಂದು ಕೊಳಲು ಅದರ ಮೇಲೆ, ತುಂಬ ಎತ್ತರದಲ್ಲಿ, ಜೊತೆ ಕೊಡುತ್ತದೆ. ಕೆಳಗೆ ಪಿಟೀಲುಗಳು ಪಿಸುಗುಟ್ಟುತ್ತವೆ. ನಡುವಿನ ಜಾಗ ಖಾಲಿ. ಆ ಖಾಲಿ ಜಾಗ ಚೆಲೊಗಾಗಿ ಬಿಟ್ಟದ್ದು. ಟ್ರಾಂಬೋನ್, ತುತ್ತೂರಿಗಳ ದೊಡ್ಡ ಅಬ್ಬರ ಬರುವುದು ಬಹುಪಾಲು ಚೆಲೊ ಕಮಾನು ಕೆಳಗಿಟ್ಟಾಗ. ಶಬ್ದ ಕಡಿಮೆ ಮಾಡಿದ್ದಾರೆ ಎಂದು ಕೇಳುವವರಿಗೆ ಅನಿಸುವುದೇ ಇಲ್ಲ. ಸರದಿ ಮಾತ್ರ ಅಚ್ಚುಕಟ್ಟು. ಹಿರಿಯ ರಚನೆಕಾರ ಬ್ರಾಮ್ಸ್ ಇದನ್ನು ನೋಡಿ, ಚೆಲೊಗೆ ಹೀಗೆ ಬರೆಯಬಹುದು ಎಂದು ಗೊತ್ತಿದ್ದರೆ ನಾನೇ ಎಂದೋ ಬರೆಯುತ್ತಿದ್ದೆ ಎಂಬರ್ಥದಲ್ಲಿ ಹೇಳಿದರಂತೆ.

ಕೊನೆಯ 60 ಬಾರ್‌ಗಳು

ಈ ಕೃತಿಯ ಒಳಗೆ ಒಂದು ದುಃಖವೂ ಇದೆ. ದ್ವೊರ್ಜಾಕ್‌ರ ನಾದಿನಿ ಯೋಸೆಫಿನಾ. ಯೌವನದಲ್ಲಿ ಅವರು ಮೆಚ್ಚಿದ್ದು ಆಕೆಯನ್ನು. ಮದುವೆಯಾದದ್ದು ತಂಗಿ ಆನಾಳನ್ನು. ನ್ಯೂಯಾರ್ಕಿನಲ್ಲಿ ಬರೆಯುತ್ತಿರುವಾಗ ಯೋಸೆಫಿನಾಗೆ ಕಾಯಿಲೆ ಎಂಬ ಸುದ್ದಿ ಬಂತು. ಅವರು ಹಿಂದೆ ಬರೆದಿದ್ದ ಹಾಡುಗಳಲ್ಲಿ ಆಕೆಗೆ ಇಷ್ಟವಾದ ಒಂದು ಹಾಡಿತ್ತು. ಅದರ ರಾಗವನ್ನು ಎರಡನೆಯ ಭಾಗದಲ್ಲಿ ಸೇರಿಸಿದರು. ಮೊದಲು ಆರ್ಕೆಸ್ಟ್ರಾ ಒಮ್ಮೆಲೇ ಸಿಡಿಯುತ್ತದೆ. ಅದು ಅಡಗಿದ ಕೂಡಲೇ ಚೆಲೊ ಆ ಹಾಡನ್ನು ಎತ್ತಿಕೊಳ್ಳುತ್ತದೆ.

1895ರ ವಸಂತದಲ್ಲಿ ಅವರು ಊರಿಗೆ ಮರಳಿದರು. ಮೇ 27ರಂದು ಯೋಸೆಫಿನಾ ತೀರಿಕೊಂಡರು. ಮುಗಿದಿದ್ದ ಕೃತಿಯನ್ನು ದ್ವೊರ್ಜಾಕ್ ಮತ್ತೆ ತೆರೆದರು. ಕೊನೆಯ ಕೆಲವೇ ಬಾರ್‌ಗಳನ್ನು ತೆಗೆದು ಸುಮಾರು 60 ಬಾರ್‌ಗಳ ಹೊಸ ಮುಕ್ತಾಯ ಬರೆದರು. ಅದರಲ್ಲಿ ಆ ಹಾಡಿನ ನೆನಪು ಮತ್ತೆ ಬರುತ್ತದೆ. ಮೊದಲ ಭಾಗದ ರಾಗವೂ ದೂರದಿಂದ ಕೇಳುತ್ತದೆ. ಚೆಲೊ ಉಸಿರು ಬಿಟ್ಟಂತೆ ಮೆತ್ತಗಾಗುತ್ತಾ ಹೋಗಿ, ಮತ್ತೆ ಒಂದು ಸ್ವರವನ್ನು ಹಿಡಿದು ಏರಿಸಿ, ಆರ್ಕೆಸ್ಟ್ರಾದ ಕೈಗೆ ಒಪ್ಪಿಸುತ್ತದೆ.

ಕೃತಿ ಅರ್ಪಣೆಯಾದದ್ದು ಗೆಳೆಯ ಹನುಶ್ ವಿಹಾನ್ ಎಂಬ ಚೆಲೊ ವಾದಕರಿಗೆ. ವಿಹಾನ್ ಕೊನೆಯ ಭಾಗದಲ್ಲಿ ಒಂಟಿ ವಾದಕ ತನ್ನ ಕೈಚಳಕ ತೋರಿಸುವಂಥ ತುಣುಕೊಂದನ್ನು ಸೇರಿಸಲು ಬಯಸಿದರು. ದ್ವೊರ್ಜಾಕ್ ಖಡಾಖಂಡಿತವಾಗಿ ನಿರಾಕರಿಸಿದರು. ತಾವು ಬರೆದಂತೆಯೇ ಅಚ್ಚಾಗಬೇಕು ಎಂದು ಪ್ರಕಾಶಕರಿಗೂ ಬರೆದರು. 1896ರ ಮಾರ್ಚ್ 19ರಂದು ಲಂಡನ್ನಿನಲ್ಲಿ ಮೊದಲ ಸಲ ನುಡಿಸಿದವರು ವಿಹಾನ್ ಅಲ್ಲ, ಲಿಯೊ ಸ್ಟರ್ನ್ ಎಂಬುವರು. ಎಲ್ಲರ ಕಣ್ಣು ತನ್ನ ಮೇಲೆ ಬೀಳಲಿ ಎಂದು ನುಡಿಸುವುದು ಬೇರೆ, ಹೇಳಬೇಕಾದ ಮಾತು ಕೇಳಲಿ ಎಂದು ನುಡಿಸುವುದು ಬೇರೆ. ದ್ವೊರ್ಜಾಕ್ ಆ ಗೆರೆಯನ್ನು ಬಿಟ್ಟುಕೊಡಲಿಲ್ಲ.

1968ರ ಒಂದು ಸಂಜೆ

ಇದೇ ಕೃತಿಯನ್ನು ರೊಸ್ತ್ರೊಪೊವಿಚ್ 1968ರ ಆಗಸ್ಟ್ 21ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ನುಡಿಸಬೇಕಿತ್ತು. ಆಲ್ಬಮ್‌ಗೂ ಒಂಬತ್ತು ವರ್ಷ ಹಿಂದಿನ ಮಾತು. ಜೊತೆಗಿದ್ದದ್ದು ಸೋವಿಯತ್ ಒಕ್ಕೂಟದ ಸರ್ಕಾರಿ ಆರ್ಕೆಸ್ಟ್ರಾ. ಹಿಂದಿನ ರಾತ್ರಿ ಸೋವಿಯತ್ ನೇತೃತ್ವದ ಸೇನೆ ಚೆಕೊಸ್ಲೊವಾಕಿಯಾಕ್ಕೆ, ಅಂದರೆ ದ್ವೊರ್ಜಾಕ್‌ರ ನಾಡಿಗೆ, ನುಗ್ಗಿತ್ತು. ಸಭಾಂಗಣದಲ್ಲೇ ಪ್ರತಿಭಟನೆಯ ಕೂಗು ಎದ್ದಿತು. ರೊಸ್ತ್ರೊಪೊವಿಚ್ ಸೋವಿಯತ್ ಪ್ರಜೆ. ಹುಟ್ಟಿದ್ದು 1927ರಲ್ಲಿ, ಬಾಕು ನಗರದಲ್ಲಿ. ಅವರು ಭಾಷಣ ಮಾಡಲಿಲ್ಲ. ಕಣ್ಣೀರು ಹರಿಯುತ್ತಿರುವಾಗಲೇ ಆ ಚೆಕ್ ಕೃತಿಯನ್ನು ನುಡಿಸಿದರು. ಮುಗಿದ ಮೇಲೆ ದ್ವೊರ್ಜಾಕ್‌ರ ಸ್ವರಲಿಪಿಯ ಪುಸ್ತಕವನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದರು. ಕೂಗುತ್ತಿದ್ದವರಿಗೂ ಅರ್ಥವಾಯಿತು.

ಮುಂದೆ ಲೇಖಕ ಸೋಲ್ಜೆನಿತ್ಸಿನ್‌ರಿಗೆ ತಮ್ಮ ಮನೆಯಲ್ಲಿ ಆಶ್ರಯ ಕೊಟ್ಟು, ಅವರ ಪರವಾಗಿ ಬಹಿರಂಗ ಪತ್ರ ಬರೆದರು. ಅದರಿಂದ ತೊಂದರೆಗೆ ಸಿಕ್ಕಿ 1974ರಲ್ಲಿ ದೇಶ ಬಿಟ್ಟರು. 1978ರಲ್ಲಿ ಅವರ ಪೌರತ್ವವನ್ನೇ ಕಿತ್ತುಕೊಳ್ಳಲಾಯಿತು. ನಾನು ತರಗತಿಯಲ್ಲಿ ಹಾಕಿದ ಆಲ್ಬಮ್ ಈ ಎರಡು ವರ್ಷಗಳ ನಡುವಿನದು. ಊರಿಗೆ ಮರಳಿ ಅಗಲಿದವರನ್ನು ನೆನೆದು ಒಬ್ಬರು ಬರೆದ ಕೃತಿಯನ್ನು, ಊರಿಗೆ ಮರಳಲಾಗದ ಇನ್ನೊಬ್ಬರು ನುಡಿಸಿದ್ದಾರೆ. ಇದು ಗೊತ್ತಾದ ಮೇಲೆ ಕೊನೆಯ 60 ಬಾರ್‌ಗಳನ್ನು ನಾನು ಬೇರೆ ಕೆಲಸ ಮಾಡುತ್ತಾ ಕೇಳಿದ್ದಿಲ್ಲ.

ನೀವು ಮಾಡಬೇಕಾದ ಅಭ್ಯಾಸ

1. ಸ್ಯಾಂ-ಸಾನ್ಸ್ ಕೃತಿಯ ಮೊದಲ ಒಂದು ನಿಮಿಷವನ್ನು ಮೂರು ಸಲ ಕೇಳಿ. ಮೊದಲ ಸಲ ಚೆಲೊ ಮಾತ್ರ ಗಮನಿಸಿ. ಎರಡನೆಯ ಸಲ ಆರ್ಕೆಸ್ಟ್ರಾ ಮಾತ್ರ. ಮೂರನೆಯ ಸಲ, ಆರ್ಕೆಸ್ಟ್ರಾ ಎಲ್ಲೆಲ್ಲಿ ಸುಮ್ಮನಾಗುತ್ತದೆ ಎಂದು ಪೆನ್ಸಿಲಿನಿಂದ ಗುರುತು ಹಾಕಿ.

2. ದ್ವೊರ್ಜಾಕ್ ಕೃತಿಯ ಮೊದಲ ಭಾಗದಲ್ಲಿ ಚೆಲೊ ಎಷ್ಟನೇ ನಿಮಿಷಕ್ಕೆ ಬರುತ್ತದೆ? ಅದಕ್ಕೂ ಮುಂಚೆ ಅದೇ ರಾಗವನ್ನು ಯಾವ ವಾದ್ಯ ನುಡಿಸಿತ್ತು?

3. ಚೆಲೊದ ದಪ್ಪ ತಂತಿಗೂ ತೆಳು ತಂತಿಗೂ ಬಿಗಿತ ಒಂದೇ ಎಂದು ಇಟ್ಟುಕೊಳ್ಳಿ. ಒಂದು ಮೀಟರ್ ದಪ್ಪ ತಂತಿಯ ದ್ರವ್ಯರಾಶಿ ತೆಳು ತಂತಿಯದಕ್ಕಿಂತ ಎಷ್ಟು ಪಟ್ಟು? ಉತ್ತರ 11ರ ಹತ್ತಿರ ಬಂದರೆ ನಿಮ್ಮ ಲೆಕ್ಕ ಸರಿ.

ಕೊನೆಗೆ, ಚೀಟಿ ಬರೆದವಳಿಗೆ

ಒಂದು ವಾದ್ಯ ಎಂಬತ್ತರ ನಡುವೆ ಕೇಳಿಸುವುದು ಅದು ಕಿರುಚುವುದರಿಂದಲ್ಲ, ಉಳಿದವರು ಜಾಗ ಬಿಡುವುದರಿಂದ. ಯಾರು, ಯಾವಾಗ, ಎಷ್ಟು ಹೊತ್ತು ಸುಮ್ಮನಿರಬೇಕು ಎಂದು ಯಾರೋ ಒಬ್ಬರು ಮೊದಲೇ ಕುಳಿತು ಯೋಚಿಸಿರುತ್ತಾರೆ. ತರಗತಿಯಲ್ಲಿ ಆ ಕೆಲಸ ನನ್ನದಾಗಿತ್ತು. ನಾನು ಮಾಡಲಿಲ್ಲ. ನಿನ್ನ ದನಿ ಸಣ್ಣದು ಎಂದುಕೊಂಡೆ. ನಮ್ಮ ಕೋಣೆಯಲ್ಲಿ ನಾಲ್ಕು ಫ್ಯಾನುಗಳು ಪೂರ್ತಿ ವೇಗದಲ್ಲಿ ತಿರುಗುತ್ತಿದ್ದದ್ದು ನನಗೆ ಹೊಳೆದದ್ದು ಚೀಟಿ ಓದಿದ ಮೇಲೆ.

ಈಗ ಪ್ರಶ್ನೆ ಕೇಳುವ ಸಮಯ ಬಂದಾಗ ಸ್ವಿಚ್ ಬೋರ್ಡಿನ ಪಕ್ಕದ ಬೆಂಚಿನವರು ಫ್ಯಾನ್ ನಿಲ್ಲಿಸುತ್ತಾರೆ. ಐದು ನಿಮಿಷ ಸೆಕೆಯಾಗುತ್ತದೆ, ಅಷ್ಟೇ. ಕಳೆದ ವಾರ ಅವಳು ಎದ್ದು ನಿಂತು ಎರಡು ಪ್ರಶ್ನೆ ಕೇಳಿದಳು. ಒಂದಕ್ಕೆ ಉತ್ತರ ಕೊಟ್ಟೆ. ಇನ್ನೊಂದಕ್ಕೆ ನಾಳೆ ಓದಿಕೊಂಡು ಬರುತ್ತೇನೆ ಎಂದೆ.